ಹೊಸ ಜೀಪಿನ ಹಿಡಿಕೆಗಳೂ ನಮ್ಮವರ ಹಳೆಯ ಅಭ್ಯಾಸಗಳೂ

ಕಾಫಿ ಹಣ್ಣಿನ ಕುಯ್ಲಿಗೆ ಇನ್ನು ಹೆಚ್ಚು ದಿನಗಳಿಲ್ಲ. ಅಡಿಕೆ ಗೊನೆ ಇಳಿಸುವ ಕೆಲಸವೂ ಅದರ ಹಿಂದುಮುಂದೆಯೇ ಬರುತ್ತದೆ. ಈ ನಾಲ್ಕು ತಿಂಗಳಲ್ಲಿ ನಮ್ಮ ಸದಸ್ಯರ ವಾಹನಗಳಿಗೆ ಬೀಳುವಷ್ಟು ದುಡಿಮೆ ವರ್ಷದ ಉಳಿದ ಕಾಲದಲ್ಲಿ ಬೀಳುವುದಿಲ್ಲ. ಬೆಳಗ್ಗೆ ಆಳುಗಳನ್ನು ಕರೆತರಬೇಕು, ಸಂಜೆ ಬಿಟ್ಟುಬರಬೇಕು, ಮೂಟೆ ಸಾಗಿಸಬೇಕು, ಪಲ್ಪರಿನ ಬೆಲ್ಟು ಹರಿದರೆ ಚಾಮರಾಜನಗರಕ್ಕೋ ಮೈಸೂರಿಗೋ ಓಡಬೇಕು. ಆದ್ದರಿಂದ ಈ ಸಲ ಬೆಲೆಯ ಏರಿಳಿತ, ಕಾಂಡಕೊರಕ, ಕೊಳೆರೋಗಗಳ ವಿಚಾರವನ್ನು ಬದಿಗಿಟ್ಟು ಗಾಡಿಯ ವಿಚಾರವನ್ನೇ ಬರೆಯಬೇಕೆಂದುಕೊಂಡೆವು. ಸಹಕಾರ ಸಂಘದ ಪತ್ರಿಕೆಗೂ ಮೋಟಾರಿಗೂ ಏನು ಸಂಬಂಧವೆಂದು ಕೆಲವು ಹಿರಿಯ ಸದಸ್ಯರು ಕೇಳಬಹುದು. ಸಾಲ ಮಾಡಿ ಮಾಡಿದ ಆಸ್ತಿಯಲ್ಲಿ ತೋಟ, ಮನೆ ಬಿಟ್ಟರೆ ಇದೇ ದೊಡ್ಡದು. ಮನೆಮಂದಿಯೆಲ್ಲ ಕುಳಿತು ಓಡಾಡುವುದೂ ಇದರಲ್ಲೇ. ಅಷ್ಟು ಸಂಬಂಧ ಸಾಕೆಂದು ನಮ್ಮ ಭಾವನೆ.

ಹೊಸ ಪಲ್ಪರನ್ನೋ ಔಷಧಿ ಹೊಡೆಯುವ ಪಂಪನ್ನೋ ತಂದರೆ, ಕಂಪನಿಯ ಮೆಕ್ಯಾನಿಕ್ ಬಂದು ನಡೆಸಿ ತೋರಿಸುವ ತನಕ ನಮ್ಮವರು ಅದಕ್ಕೆ ಕೈ ಹಚ್ಚುವುದಿಲ್ಲ. ಹದಿನೈದು ಲಕ್ಷದ ಜೀಪು ತಂದಾಗ ಮಾತ್ರ ಷೋರೂಮಿನಲ್ಲಿ ಹಾರ ಹಾಕಿಸಿಕೊಂಡು, ಫೋಟೋ ತೆಗೆಸಿಕೊಂಡು, ಚಕ್ರದ ಕೆಳಗೆ ನಿಂಬೆಹಣ್ಣಿಟ್ಟು ಹೊರಟುಬಿಡುತ್ತಾರೆ. ಕಂಪನಿ ಕೊಟ್ಟ ಪುಸ್ತಕ ಪ್ಲಾಸ್ಟಿಕ್ ಚೀಲ ಸಹ ಬಿಚ್ಚದೆ ಡ್ಯಾಶ್‌ಬೋರ್ಡಿನ ಪೆಟ್ಟಿಗೆಯಲ್ಲೇ ಉಳಿಯುತ್ತದೆ. ಪುಸ್ತಕ ಇಂಗ್ಲಿಷಿನಲ್ಲಿರುವುದೂ ಒಂದು ಕಾರಣ, ಒಪ್ಪಿದೆವು. ಆದರೆ ಅದರ ಫಲವೇನೆಂದರೆ, ಹಣ ಕೊಟ್ಟು ಕೊಂಡ ರಕ್ಷಣೆಯ ಸಾಧನಗಳಲ್ಲಿ ಅರ್ಧದಷ್ಟು ಏಕೆ ಇವೆಯೆಂದೇ ಮಾಲೀಕನಿಗೆ ತಿಳಿದಿರುವುದಿಲ್ಲ. ತಿಳಿದವುಗಳಲ್ಲಿ ಕೆಲವನ್ನು ದುಡ್ಡು ಕೊಟ್ಟೇ ಕೆಡಿಸಿರುತ್ತಾರೆ. ಡ್ರೈವರಿಗಂತೂ ಯಾರೂ ಹೇಳಿಯೇ ಇರುವುದಿಲ್ಲ.

ಬಿಳಿಗಿರಿರಂಗನ ಬೆಟ್ಟದ ತೋಟಗಳನ್ನು ಸಾಕಿದ್ದು ವಿಲ್ಲಿಸ್ ನಮೂನೆಯ ಹಳೆಯ ಮಹೀಂದ್ರ ಜೀಪು. ಹೊನ್ನಮೇಟಿ, ಬೇಡಗುಳಿ ಕಡೆಯ ದಾರಿ ಕಂಡವರಿಗೆ ಅದರ ಯೋಗ್ಯತೆ ಗೊತ್ತು. ಅದರಲ್ಲಿ ಇದ್ದದ್ದಾದರೂ ಏನು? ಗೇರಿನ ಕೋಲು ಒಂದು, ಪಕ್ಕದಲ್ಲಿ ಗಿಡ್ಡ ಕೋಲು ಎರಡು: ಮುಂದಿನ ಚಕ್ರಗಳಿಗೆ ಶಕ್ತಿ ಕೊಡಲು ಒಂದು, ಲೋ ಗೇರಿಗೆ ಇನ್ನೊಂದು. ಹ್ಯಾಂಡ್ ಬ್ರೇಕು ಚಕ್ರವನ್ನು ಹಿಡಿಯುತ್ತಿರಲಿಲ್ಲ, ಹಿಂದಕ್ಕೆ ಹೋಗುವ ಶಾಫ್ಟನ್ನು ಹಿಡಿಯುತ್ತಿತ್ತು. ಬೆಲ್ಟಿಲ್ಲ, ಎಷ್ಟೋ ಜೀಪಿಗೆ ಬಾಗಿಲೂ ಇಲ್ಲ. ಆ ಕಾಲದ ಡ್ರೈವರುಗಳು ಹುಡುಗರಿಗೆ ಹೇಳುತ್ತಿದ್ದ ಮೊದಲ ಪಾಠವೆಂದರೆ ಸ್ಟೀರಿಂಗ್ ಚಕ್ರದ ಒಳಗೆ ಹೆಬ್ಬೆರಳು ಸಿಕ್ಕಿಸಬೇಡ ಎಂಬುದು. ಮುಂದಿನ ಚಕ್ರ ಕಲ್ಲಿಗೆ ಬಡಿದರೆ ಸ್ಟೀರಿಂಗು ಗಿರ್ರನೆ ತಿರುಗಿ ಬೆರಳು ಮುರಿಯುತ್ತಿತ್ತು. ಬೆಟ್ಟದಲ್ಲಿ ಗಂಟೆಗೆ ಹದಿನೈದು ಮೈಲಿ ಹೋಗುವ ಗಾಡಿಗೆ ಆ ವಿದ್ಯೆ ಸಾಲುತ್ತಿತ್ತು. ಇಂದಿನ ಗಾಡಿ ಬೇಗೂರಿನ ಬಯಲಿನಲ್ಲಿ ನೂರು ಕಿ.ಮೀ. ವೇಗದಲ್ಲಿದ್ದರೂ ಒಳಗೆ ಕುಳಿತವನಿಗೆ ಐವತ್ತರಲ್ಲಿದ್ದಂತೆ ತೋರುತ್ತದೆ.

ಇನ್ನೊಂದು ಭ್ರಮೆಯಿದೆ. ಎತ್ತರವಾಗಿ ನಿಂತದ್ದೆಲ್ಲ ಜೀಪು ಎಂಬುದು. ಎಸ್‌ಯುವಿ ಎಂದು ಮಾರುವ ಗಾಡಿಗಳಲ್ಲಿ ಬಹುಪಾಲು ಎರಡೇ ಚಕ್ರಗಳಿಗೆ ಶಕ್ತಿ ಹೋಗುವಂಥವು. ಥಾರಿನಲ್ಲೂ 2023ರಿಂದ ಎರಡು ಚಕ್ರದ ನಮೂನೆ ಬಂದಿದೆ. ಕೊಳ್ಳುವ ಮುಂಚೆ ಇದನ್ನು ವಿಚಾರಿಸಬೇಕು. ಕೊಂಡ ಮೇಲೆ ಕೆಸರಿನಲ್ಲಿ ನಿಂತು ವಿಚಾರಿಸುವುದಲ್ಲ. ಎತ್ತರದ ಗಾಡಿಗೆ ಹಳ್ಳದ ದಾರಿಯಲ್ಲಿ ತಳ ತಗಲುವುದಿಲ್ಲ, ನಿಜ. ಆದರೆ ಅದೇ ಎತ್ತರದಿಂದ ತಿರುವಿನಲ್ಲಿ ಮಗುಚಿಕೊಳ್ಳುವ ಸಂಭವವೂ ಕಾರಿಗಿಂತ ಹೆಚ್ಚು. ಮೇಲಿನ ಕ್ಯಾರಿಯರ್ ಮೇಲೆ ಐವತ್ತು ಕಿಲೋದ ನಾಲ್ಕು ಮೂಟೆ ಕಟ್ಟಿದರೆ ತಲೆಭಾರ ಇನ್ನೂ ಏರಿತು. ಮೂಟೆ ಒಳಗೆ, ತಳಕ್ಕೆ, ಸೀಟಿಗೆ ಒತ್ತಿಕೊಂಡಂತೆ ಇರಬೇಕು. ಮೇಲೇನಿದ್ದರೂ ಹಗುರವಾದ ಬುಟ್ಟಿ, ಟಾರ್ಪಾಲು ಸಾಕು.

ನಾಲ್ಕು ಚಕ್ರದ ಗಾಡಿ ಇರುವವರಿಗೆ ಎರಡು ಮಾತು. ಕೋಲಿನ ತಲೆಯ ಮೇಲೆ ಸಾಮಾನ್ಯವಾಗಿ '2ಎಚ್', '4ಎಚ್', '4ಎಲ್' ಎಂದು ಬರೆದಿರುತ್ತದೆ. ಮೊದಲನೆಯದು ಡಾಂಬರು ರಸ್ತೆಗೆ, ಎರಡನೆಯದು ಕೆಸರು, ಜಲ್ಲಿ, ಜಾರುವ ಮಣ್ಣಿಗೆ, ಮೂರನೆಯದು ಕಡಿದಾದ ಏರು, ಇಳಿಜಾರು, ಹೂತುಹೋದ ಜಾಗಕ್ಕೆ. ಥಾರ್, ಜಿಮ್ನಿಯಂಥ ಗಾಡಿಗಳಲ್ಲಿ ಒಣ ಡಾಂಬರಿನ ಮೇಲೆ ನಾಲ್ಕು ಚಕ್ರ ಹಾಕಿಕೊಂಡು ಓಡಿಸಬಾರದು. ಕಾರಣ ಸರಳ. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ದೊಡ್ಡ ಸುತ್ತು ಹಾಕುತ್ತವೆ. ಎರಡನ್ನೂ ಒಂದೇ ವೇಗಕ್ಕೆ ಕಟ್ಟಿಹಾಕಿದರೆ ವ್ಯತ್ಯಾಸ ಎಲ್ಲಾದರೂ ತೀರಬೇಕಲ್ಲ? ಕೆಸರಿನಲ್ಲಿ ಚಕ್ರ ಜಾರಿ ತೀರಿಸಿಕೊಳ್ಳುತ್ತದೆ. ಡಾಂಬರಿನಲ್ಲಿ ಜಾರಲಾರದೆ ಹಲ್ಲುಚಕ್ರಗಳ ಮೇಲೆ ಭಾರ ಬೀಳುತ್ತದೆ. ಸ್ಟೀರಿಂಗು ಬಿಗಿಯಾಗಿ, ಟೈರು ಕಿರುಗುಟ್ಟಿದರೆ ಅದೇ ಸೂಚನೆ. ಲೋ ಗೇರಿಗೆ ಹಾಕುವುದಾದರೆ ಗಾಡಿ ನಿಲ್ಲಿಸಿಯೇ ಹಾಕಬೇಕು, ಅದೂ ಹೂತುಹೋಗುವ ಮೊದಲು. ಅಚ್ಚಿನ ತನಕ ಹೂತ ಮೇಲೆ ಹಾಕಿದರೆ ಪ್ರಯೋಜನ ಕಡಿಮೆ.

ಆದರೆ ನಮ್ಮ ಜನರ ಪ್ರಾಣಕ್ಕೆ ಸಂಬಂಧಿಸಿದ್ದು ಏರುವುದಲ್ಲ, ಇಳಿಯುವುದು. ಪುಣಜನೂರು ದಾಟಿ ಸತ್ಯಮಂಗಲಕ್ಕೆ ಹೋಗುವವರಿಗೆ ದಿಂಬಂ ಘಾಟಿಯ 27 ಹೇರ್‌ಪಿನ್ ತಿರುವುಗಳಿವೆ. ಗುಂಡ್ಲುಪೇಟೆಯಿಂದ ಬಂಡೀಪುರ, ಮಸಿನಗುಡಿಯ ಮೇಲೆ ಊಟಿಗೆ ಹೋಗುವವರಿಗೆ ಕಲ್ಲಟ್ಟಿಯ 36 ತಿರುವುಗಳಿವೆ. ಆ ಘಾಟಿ ಎಷ್ಟು ಕಡಿದೆಂದರೆ ಊಟಿಯಿಂದ ಆ ದಾರಿಯಲ್ಲಿ ಇಳಿಯದಂತೆ ನೀಲಗಿರಿಯವರು ಹೊರ ಜಿಲ್ಲೆಯ ವಾಹನಗಳನ್ನು ತಡೆದಿದ್ದಾರೆ. ಇಂಥ ಕಡೆ ನಮ್ಮ ಅನೇಕ ಡ್ರೈವರುಗಳು ಡೀಸೆಲ್ ಉಳಿಯುತ್ತದೆಂದು ಗಾಡಿಯನ್ನು ನ್ಯೂಟ್ರಲ್ಲಿಗೆ ಹಾಕಿ ಇಳಿಸುತ್ತಾರೆ. ಕೆಲವು ಮಾಲೀಕರು ಇದನ್ನು ಕಂಡು ಜಾಣತನವೆಂದು ಮೆಚ್ಚುವುದೂ ಉಂಟು.

ಉಳಿತಾಯದ ಲೆಕ್ಕವನ್ನೇ ಮೊದಲು ನೋಡೋಣ. ಈಗಿನ ಎಂಜಿನ್ನುಗಳಲ್ಲಿ ಎಣ್ಣೆ ಬಿಡುವುದನ್ನು ವಿದ್ಯುತ್ ಯಂತ್ರ ನಿರ್ಧರಿಸುತ್ತದೆ. ಗೇರಿನಲ್ಲಿಟ್ಟು ಆಕ್ಸಿಲರೇಟರಿನಿಂದ ಕಾಲು ತೆಗೆದು ಇಳಿಯುವಾಗ ಚಕ್ರಗಳೇ ಎಂಜಿನ್ನನ್ನು ತಿರುಗಿಸುವುದರಿಂದ ಅದು ಎಣ್ಣೆಯನ್ನು ನಿಲ್ಲಿಸಿಬಿಡುತ್ತದೆ. ನ್ಯೂಟ್ರಲ್ಲಿನಲ್ಲಿ ಇಳಿದರೆ ಎಂಜಿನ್ ಆರದಂತೆ ಎಣ್ಣೆ ಸುಡುತ್ತಲೇ ಇರಬೇಕು. ಅಂದರೆ ಉಳಿತಾಯವೆಂದು ಮಾಡುವುದೇ ಖರ್ಚು. ಇನ್ನು ಅಪಾಯ. ನ್ಯೂಟ್ರಲ್ಲಿನಲ್ಲಿ ಎರಡು ಟನ್ ಭಾರವನ್ನು ಹಿಡಿಯುವ ಕೆಲಸವೆಲ್ಲ ಬ್ರೇಕಿನ ಮೇಲೆ ಬೀಳುತ್ತದೆ. ಹತ್ತು ತಿರುವಿಗೆ ಬ್ರೇಕು ಕಾಯುತ್ತದೆ, ಹದಿನೈದಕ್ಕೆ ಸುಟ್ಟ ವಾಸನೆ ಬರುತ್ತದೆ, ಇಪ್ಪತ್ತಕ್ಕೆ ಪೆಡಲು ಒತ್ತಿದರೂ ಗಾಡಿ ಹಿಡಿತಕ್ಕೆ ಬರುವುದಿಲ್ಲ. ಬ್ರೇಕಿನ ಎಣ್ಣೆ ಗಾಳಿಯ ತೇವವನ್ನು ಹೀರಿಕೊಳ್ಳುವ ಪದಾರ್ಥ. ಬೆಟ್ಟದ ಮಂಜಿನಲ್ಲಿ ವರ್ಷಗಟ್ಟಲೆ ಬದಲಾಯಿಸದ ಎಣ್ಣೆ ಆ ಕಾವಿಗೆ ಕುದಿದು ಗುಳ್ಳೆಯಾದರೆ ಪೆಡಲು ನೆಲ ಮುಟ್ಟುತ್ತದೆ. ಎರಡು ವರ್ಷಕ್ಕೊಮ್ಮೆ ಅದನ್ನು ಬದಲಾಯಿಸುವುದು ದೊಡ್ಡ ಖರ್ಚಲ್ಲ. ಎಂಜಿನ್ ಆರಿಸಿ ಇಳಿಸುವ ಮಹಾನುಭಾವರೂ ಇದ್ದಾರೆ. ಎಂಜಿನ್ ನಿಂತರೆ ಬ್ರೇಕಿಗೂ ಪವರ್ ಸ್ಟೀರಿಂಗಿಗೂ ಒದಗುವ ಸಹಾಯ ನಿಂತು ಎರಡೂ ಕಲ್ಲಿನಂತಾಗುತ್ತವೆ, ಕೀಲಿ ಪೂರ್ತಿ ತಿರುಗಿದರೆ ಸ್ಟೀರಿಂಗು ಬೀಗ ಬೀಳುವುದೂ ಉಂಟು.

ಏರಲು ಬೇಕಾದ ಗೇರಿನಲ್ಲೇ ಇಳಿಯಬೇಕೆಂಬ ಹಳೆಯ ಜೀಪಿನ ನಿಯಮ ಈಗಲೂ ಸರಿ: ಎರಡನೆಯ ಗೇರು, ತೀರ ಕಡಿದಾದರೆ ಮೊದಲನೆಯದು. ಗೇರು ಬದಲಿಸುವ ಗೋಜಿಲ್ಲದ ಆಟೋಮ್ಯಾಟಿಕ್ ಗಾಡಿಯವರು 'ಡಿ'ಯಲ್ಲೇ ಬಿಟ್ಟು ಇಳಿಯಬಾರದು. ಕೋಲಿನ ಪಕ್ಕದಲ್ಲಿ 'ಎಲ್' ಎಂದೋ 'ಎಂ' ಎಂದೋ ಇರುವ ಸ್ಥಾನಕ್ಕೆ ತರಬೇಕು. ಬ್ರೇಕನ್ನು ತಿರುವಿಗೆ ಮುಂಚೆ ಗಟ್ಟಿಯಾಗಿ ಒತ್ತಿ ಬಿಡಬೇಕು, ಉದ್ದಕ್ಕೂ ಕಾಲಿಟ್ಟು ಸವೆಸಬಾರದು. ವಾಸನೆ ಬಂದರೆ ಬದಿಗೆ ನಿಲ್ಲಿಸಿ ಅರ್ಧ ಗಂಟೆ ಆರಲು ಬಿಡಿ. ಕಾದ ಬ್ರೇಕಿನ ಮೇಲೆ ನೀರು ಸುರಿಯಬೇಡಿ, ಲೋಹ ಬಿರಿಯುತ್ತದೆ. ಕಿರಿದಾದ ಘಾಟಿಯಲ್ಲಿ ಏರಿ ಬರುವ ಗಾಡಿಗೆ ಇಳಿಯುವವನು ದಾರಿ ಬಿಡಬೇಕೆಂಬುದು ಸರ್ಕಾರದ ನಿಯಮವೇ ಹೌದು. ದಿಂಬಂನಲ್ಲಿ ಉದ್ದನೆಯ ಲಾರಿ ತಿರುವು ಪೂರ್ತಿ ತೆಗೆದುಕೊಳ್ಳುವಾಗ ಸಂದಿನಲ್ಲಿ ಮೂಗು ತೂರಿಸುವವರಿಗೆ ಇದನ್ನು ಯಾರು ಹೇಳಿಯಾರು!

ಹೊಸ ಗಾಡಿಗಳಲ್ಲಿ ಇಳಿಜಾರಿಗೆಂದೇ ಒಂದು ಗುಂಡಿಯಿರುತ್ತದೆ, ಅದರ ಮೇಲೆ ಇಳಿಜಾರಿನಲ್ಲಿ ನಿಂತ ಗಾಡಿಯ ಚಿತ್ರ. ಒತ್ತಿದರೆ ಗಾಡಿ ತಾನೇ ಒಂದೊಂದು ಚಕ್ರವನ್ನೂ ಹಿಡಿದು ಬಿಟ್ಟು ಮೆಲ್ಲಗೆ ಇಳಿಯುತ್ತದೆ. ಕಟಕಟ ಸದ್ದು ಬಂದರೆ ಹೆದರಬೇಕಿಲ್ಲ. ತೋಟದ ಮಣ್ಣಿನ ದಾರಿಗೆ ಇದು ಒಳ್ಳೆಯದು. ಮೈಲಿಗಟ್ಟಲೆಯ ಘಾಟಿಗೆ ಗೇರೇ ಸರಿ. ಸದ್ದಿನ ಮಾತು ಬಂದದ್ದರಿಂದ ಎಬಿಎಸ್ ಬಗ್ಗೆಯೂ ಹೇಳಬೇಕು. 2019ರ ಏಪ್ರಿಲ್‌ನಿಂದ ಎಲ್ಲ ಹೊಸ ಕಾರುಗಳಲ್ಲೂ ಇದು ಕಡ್ಡಾಯ. ಗಾಬರಿಯಲ್ಲಿ ಜೋರಾಗಿ ಬ್ರೇಕು ಒತ್ತಿದಾಗ ಚಕ್ರ ಕಚ್ಚಿಕೊಂಡು ಜಾರದಂತೆ ಅದು ಸೆಕೆಂಡಿಗೆ ಹಲವು ಸಲ ಹಿಡಿದು ಬಿಡುತ್ತದೆ. ಆಗ ಕಾಲಿನ ಕೆಳಗೆ ಪೆಡಲು ನಡುಗುತ್ತದೆ. ಹಳೆಯ ಅಭ್ಯಾಸದ ಡ್ರೈವರು ಬ್ರೇಕು ಕೆಟ್ಟಿತೆಂದು ಆಗಲೇ ಕಾಲು ತೆಗೆಯುತ್ತಾನೆ. ತೆಗೆಯಬಾರದು. ನಡುಗಿದರೂ ಒತ್ತಿಯೇ ಹಿಡಿದು, ಎದುರಿನದನ್ನು ತಪ್ಪಿಸಲು ಸ್ಟೀರಿಂಗು ತಿರುಗಿಸಬೇಕು. ಬ್ರೇಕು ಒತ್ತಿಕೊಂಡೇ ತಿರುಗಿಸಲು ಬರಲೆಂದೇ ಎಬಿಎಸ್ ಇರುವುದು. ಇದನ್ನು ಖಾಲಿ ಬಯಲಿನಲ್ಲಿ ಒಮ್ಮೆ ಮಾಡಿ ನೋಡದವನಿಗೆ ಓದಿದ ಮಾತ್ರಕ್ಕೆ ಬರುವುದಿಲ್ಲ.

ಕೀಲಿ ತಿರುಗಿಸಿದಾಗ ಮುಂದಿನ ಫಲಕದಲ್ಲಿ ದೀಪಗಳೆಲ್ಲ ಒಮ್ಮೆ ಹತ್ತಿ ಆರಬೇಕು. ಕೆಂಪು ಉಳಿದರೆ ನಿಲ್ಲಿಸಬೇಕು, ಹಳದಿ ಉಳಿದರೆ ಬೇಗನೆ ತೋರಿಸಬೇಕು. ಒಂದು ದೀಪ ಹತ್ತುವುದೇ ಇಲ್ಲವಾದರೆ? ಸೆಕೆಂಡ್ ಹ್ಯಾಂಡ್ ಗಾಡಿ ಕೊಳ್ಳುವವರು ಇದನ್ನು ನೋಡಲೇಬೇಕು. ಅಪಘಾತದಲ್ಲಿ ಬಿಚ್ಚಿದ ಏರ್‌ಬ್ಯಾಗನ್ನು ಬದಲಿಸದೆ, ಅದರ ದೀಪವನ್ನೇ ಸಾಯಿಸಿ ಮಾರುವ ವ್ಯಾಪಾರಿಗಳು ಇಲ್ಲದಿಲ್ಲ.

ಈಗ ಸೀಟ್ ಬೆಲ್ಟಿನ ವಿಚಾರ. ಸೊಂಟಕ್ಕೂ ಎದೆಗೂ ಬರುವ ಈ ಮೂರು ತುದಿಯ ಬೆಲ್ಟನ್ನು 1959ರಲ್ಲಿ ರೂಪಿಸಿದವನು ಸ್ವೀಡನ್ನಿನ ವೋಲ್ವೊ ಕಂಪನಿಯ ಎಂಜಿನಿಯರ್ ನಿಲ್ಸ್ ಬೋಲಿನ್. ಇತರ ಕಂಪನಿಗಳೂ ಅದನ್ನು ಬಳಸಲೆಂದು ವೋಲ್ವೊ ತನ್ನ ಪೇಟೆಂಟನ್ನು ಮುಕ್ತವಾಗಿ ಬಿಟ್ಟುಕೊಟ್ಟಿತು. ಹಾಗೆ ಬಂದ ವಸ್ತುವಿಗೆ ನಮ್ಮವರು ಕೊಡುತ್ತಿರುವ ಮರ್ಯಾದೆ ಏನೆಂದರೆ, ಬೆಲ್ಟು ಹಾಕದಿದ್ದರೆ ಬಡಿಯುವ ಗಂಟೆಯನ್ನು ಸುಮ್ಮನಾಗಿಸಲು ಒಂದು ಲೋಹದ ಕ್ಲಿಪ್ಪು ಕೊಂಡು ಸಿಕ್ಕಿಸುವುದು! ಈ ಗಂಟೆ 2019ರ ಜುಲೈಯಿಂದ ಕಡ್ಡಾಯ. 2023ರ ಮೇ ತಿಂಗಳಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು ಐದು ಆನ್‌ಲೈನ್ ಮಾರಾಟ ಸಂಸ್ಥೆಗಳಿಗೆ ಕ್ಲಿಪ್ಪಿನ ಮಾರಾಟ ನಿಲ್ಲಿಸಲು ಆಜ್ಞೆ ಮಾಡಿದಾಗ ತೆಗೆದುಹಾಕಿದ ಜಾಹೀರಾತುಗಳು 13,118. ಅಷ್ಟು ಕಡೆ ಮಾರುತ್ತಿದ್ದರೆಂದರೆ ಕೊಳ್ಳುವವರು ಎಷ್ಟಿದ್ದಿರಬೇಕು? ಕೇಂದ್ರ ರಸ್ತೆ ಸಾರಿಗೆ ಮಂತ್ರಾಲಯದ ವರದಿಯಂತೆ 2022ರಲ್ಲಿ ದೇಶದಲ್ಲಿ ಬೆಲ್ಟು ಹಾಕದೆ ಸತ್ತವರು 16,715 ಮಂದಿ. ಅದರಲ್ಲಿ ಡ್ರೈವರುಗಳು 8,384, ಉಳಿದ 8,331 ಜನ ಸುಮ್ಮನೆ ಕುಳಿತಿದ್ದವರು. ಹಿಂದಿನ ಸೀಟಿನವರಿಗೆ ಬೆಲ್ಟು ಬೇಡವೆಂಬ ನಂಬಿಕೆಯನ್ನು ಈ ಎರಡನೆಯ ಅಂಕಿಯ ಮುಂದಿಟ್ಟು ನೋಡಬೇಕು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಉದ್ಯಮಿ ಸೈರಸ್ ಮಿಸ್ತ್ರಿಯವರು ತೀರಿಕೊಂಡದ್ದು ಬಹು ಬೆಲೆಯ ಕಾರಿನ ಹಿಂದಿನ ಸೀಟಿನಲ್ಲಿ, ಬೆಲ್ಟಿಲ್ಲದೆ. ಕಾನೂನಿನಲ್ಲಿ ದಂಡ ಒಂದು ಸಾವಿರ ರೂಪಾಯಿ; ಅದು ಹಿಂದಿನವರಿಗೂ ಉಂಟು.

ಏರ್‌ಬ್ಯಾಗಿದೆ, ಬೆಲ್ಟೇಕೆ ಎನ್ನುವವರಿಗೆ ಉತ್ತರ: ಅದು ಬೆಲ್ಟು ಹಾಕಿದವನಿಗಾಗಿ ಮಾಡಿದ್ದು. ಕಣ್ಣು ಮಿಟುಕಿಸುವಷ್ಟರಲ್ಲಿ ಸಿಡಿದು ಉಬ್ಬುವ ಆ ಚೀಲದ ಮೇಲೆ ಬೆಲ್ಟಿಲ್ಲದವನು ಮುಂದಕ್ಕೆ ಎಸೆಯಲ್ಪಟ್ಟರೆ ಅದೇ ಏಟಾಗುತ್ತದೆ. ಮಗುವನ್ನು ತೊಡೆಯ ಮೇಲಿಟ್ಟುಕೊಂಡು ಮುಂದಿನ ಸೀಟಿನಲ್ಲಿ ಕೂರಲೇಬಾರದು. ಬಸುರಿಯರು ಬೆಲ್ಟನ್ನು ಹೊಟ್ಟೆಯ ಕೆಳಗೆ, ಸೊಂಟದ ಮೂಳೆಯ ಮೇಲೆ ಬರುವಂತೆ ಹಾಕಿಕೊಳ್ಳಬೇಕು. ಏರ್‌ಬ್ಯಾಗಿನ ಮುಚ್ಚಳದ ಮೇಲೆಯೇ ಮಾದಪ್ಪನನ್ನೋ ರಂಗಪ್ಪನನ್ನೋ ಅಂಟಿಸಿರುವ ಗಾಡಿಗಳು ನಮ್ಮಲ್ಲಿ ಬಹಳ. ಮುಚ್ಚಳ ಸಿಡಿದರೆ ವಿಗ್ರಹ ಗುಂಡಿನಂತೆ ಹಾರುತ್ತದೆ. ನಡುವೆ ಜಾಗವಿದೆ, ಅಲ್ಲಿ ಕೂರಿಸಿದರೆ ಸ್ವಾಮಿಗೆ ಬೇಸರವಾಗಲಾರದು.

ಮುಂದೆ ಕಬ್ಬಿಣದ ಗಾರ್ಡು ಹಾಕಿಸುವ ಷೋಕಿಯೂ ಇದೆ. ಆನೆ ಬಂದರೆ ಇರಲಿ ಎನ್ನುತ್ತಾರೆ. ಆನೆಗೆ ಈ ಕೊಳವೆ ಎಷ್ಟರದೋ ಆನೆ ಕಂಡವರೇ ಹೇಳಲಿ. ಗಾಡಿಯ ಮೂತಿ ಮಡಚಿ ಏಟನ್ನು ನುಂಗುವಂತೆ ಕಂಪನಿ ಮಾಡಿರುತ್ತದೆ. ಗಾರ್ಡು ಆ ಏಟನ್ನು ನೇರ ಚಾಸಿಗೆ ದಾಟಿಸುತ್ತದೆ, ಏರ್‌ಬ್ಯಾಗು ಬಿಚ್ಚಬೇಕಾದ ಕ್ಷಣವನ್ನೂ ತಪ್ಪಿಸಬಹುದು. ಇದು ಕಾನೂನಿಗೆ ವಿರುದ್ಧವೆಂದು ಕೇಂದ್ರ ಮಂತ್ರಾಲಯ 2017ರ ಡಿಸೆಂಬರಿನಲ್ಲೇ ರಾಜ್ಯಗಳಿಗೆ ಬರೆದಿದೆ.

ಇಷ್ಟೆಲ್ಲ ಮಾಲೀಕರ ಮನೆಯವರ ಮಾತಾಯಿತು. ಕುಯ್ಲಿಗೆ ಬರುವ ಹೆಣ್ಣಾಳು ಗಂಡಾಳುಗಳ ಸ್ಥಿತಿ ಏನು? ಪಿಕಪ್ಪಿನ ಹಿಂದೆ ಇಪ್ಪತ್ತೈದು ಜನ ಹಗ್ಗ ಹಿಡಿದು ನಿಂತು ಬರುವುದನ್ನು ದಿನವೂ ಕಾಣುತ್ತೇವೆ. ಅವರಿಗೆ ಬೆಲ್ಟೂ ಇಲ್ಲ, ಏರ್‌ಬ್ಯಾಗೂ ಇಲ್ಲ, ಮಗುಚಿದರೆ ಗಾಡಿಯೇ ಅವರ ಮೇಲೆ. ಸರಕು ವಾಹನದಲ್ಲಿ ಪ್ರಯಾಣಿಕರಾಗಿ ಹೋದವರಿಗೆ ವಿಮಾ ಕಂಪನಿ ಹೊಣೆಯಲ್ಲವೆಂದು ಸುಪ್ರೀಂ ಕೋರ್ಟು 2002ರ ಡಿಸೆಂಬರಿನಲ್ಲಿ ಹೇಳಿದೆ. ಎರಡು ಎಕರೆಯ ಬೆಳೆಗಾರ ಅಂಥ ಪರಿಹಾರವನ್ನು ಕೈಯಿಂದ ಕಟ್ಟಬೇಕಾಗಿ ಬಂದರೆ ತೋಟ ಉಳಿಯುವುದಿಲ್ಲ. ಸತ್ತವರ ಮನೆಗೂ ಹಣ ಸಿಕ್ಕುವುದಿಲ್ಲ. ಬಸ್ಸು ಬರದ ದಾರಿ, ಹೆಚ್ಚಿದ ಕೂಲಿ, ಆಳು ಸಿಗುವುದೇ ಕಷ್ಟ, ಈ ಅಡಚಣೆಗಳೆಲ್ಲ ನಮಗೂ ಗೊತ್ತು. ಆದರೂ ಒಂದೇ ದಿಕ್ಕಿನ ನಾಲ್ಕೈದು ತೋಟದವರು ಸೇರಿ ಸೀಟಿರುವ ವ್ಯಾನೊಂದನ್ನು ಕುಯ್ಲಿನ ಕಾಲಕ್ಕೆ ಬಾಡಿಗೆಗೆ ಹಿಡಿದರೆ ತಲೆಗೆ ಬೀಳುವುದು ತೀರ ಹೊರೆಯಲ್ಲ. ಜೀಪಿನಲ್ಲಿ ತರುವವರು ಎಷ್ಟು ಬೆಲ್ಟಿದೆಯೋ ಅಷ್ಟೇ ಜನವನ್ನು ಕೂರಿಸಿ ಎರಡು ಸಲ ಓಡಿಸಲಿ.

ಗುಂಡ್ಲುಪೇಟೆ ಕಡೆಯವರಿಗೆ ಪ್ರತ್ಯೇಕವಾಗಿ ಹೇಳಬೇಕಾದದ್ದು ಗೇಟಿನ ವಿಚಾರ. ಬಂಡೀಪುರದ ಕಾಡಿನ ರಸ್ತೆಗಳಲ್ಲಿ ರಾತ್ರಿ 9ರಿಂದ ಬೆಳಗ್ಗೆ 6ರ ತನಕ ಸಂಚಾರ ನಿಷೇಧ 2009ರಲ್ಲಿ ಬಂತು. ಮರುವರ್ಷ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ನಿಷೇಧ ಸರಿಯೋ ತಪ್ಪೋ ಎಂಬ ಚರ್ಚೆ ಬೇರೆ. ಎಂಟೂವರೆಗೆ ಸುಲ್ತಾನ್ ಬತ್ತೇರಿಯಿಂದಲೋ ಗೂಡಲೂರಿನಿಂದಲೋ ಹೊರಟು ಗೇಟು ಹಿಡಿಯಲು ಕತ್ತಲ ಕಾಡಿನಲ್ಲಿ ಹಾರಿ ಬರುವುದು ಮಾತ್ರ ಖಂಡಿತ ತಪ್ಪು. ಎಂಬತ್ತರ ವೇಗದಲ್ಲಿ ಗಾಡಿ ಒಂದು ಸೆಕೆಂಡಿಗೆ 22 ಮೀಟರು ಮುಂದೆ ಹೋಗಿರುತ್ತದೆ. ಕಣ್ಣು ಜಿಂಕೆಯನ್ನು ಕಂಡು ಕಾಲು ಬ್ರೇಕಿಗೆ ಹೋಗುವಷ್ಟರಲ್ಲಿ ಆ ದೂರ ಕಳೆದಾಯಿತು. ಎಂಬತ್ತು ದಾಟಿದರೆ ಗಾಡಿಯೇ ಕೂಗಿ ಎಚ್ಚರಿಸುತ್ತದೆ. ಆ ಕಾಡಿನಲ್ಲಿ ಅದು ಕೂಗುವ ಹಂತಕ್ಕೇ ಹೋಗಬಾರದು. ಗೇಟು ತಪ್ಪಿತೇ, ಆಚೆ ಊರಿನಲ್ಲೇ ತಂಗಿದರಾಯಿತು.

ಚಳಿಗಾಲದ ಬೆಳಗಿನ ಮಂಜಿಗೆ ಡಿಪ್ ದೀಪ ಇರಲಿ. ಮೇಲಿನ ದೀಪ ಹಾಕಿದರೆ ಬಿಳಿಯ ಗೋಡೆಯೇ ಎದುರು ನಿಲ್ಲುತ್ತದೆ. ನಾಲ್ಕೂ ಇಂಡಿಕೇಟರು ಮಿಟುಕಿಸಿಕೊಂಡು ಓಡಿಸಬೇಡಿ, ಯಾವ ಕಡೆ ತಿರುಗುತ್ತೀರೆಂದು ಹಿಂದಿನವನಿಗೆ ತಿಳಿಯುವುದಿಲ್ಲ. ಒಳಗಾಜು ಮಬ್ಬಾದರೆ ಬಟ್ಟೆಯಲ್ಲಿ ಒರೆಸುವ ಬದಲು ಗಾಜಿನ ಚಿತ್ರವಿರುವ ಗುಂಡಿಯ ಜೊತೆ ಏಸಿಯನ್ನೂ ಹಾಕಿದರೆ ಒಂದು ನಿಮಿಷದಲ್ಲಿ ತಿಳಿಯಾಗುತ್ತದೆ.

ನಮ್ಮ ಸಲಹೆ ಇಷ್ಟು. ಕುಯ್ಲಿಗೆ ಮುಂಚೆ ಚಾಮರಾಜನಗರದಲ್ಲೊಂದು, ಗುಂಡ್ಲುಪೇಟೆಯಲ್ಲೊಂದು ಅರ್ಧ ದಿನದ ಶಿಬಿರವನ್ನು ಸಂಘವೇ ನಡೆಸಬೇಕು. ಬಲ್ಲ ಮೆಕ್ಯಾನಿಕ್ಕನ್ನು ಕರೆಸಿ ಎಬಿಎಸ್ ಬ್ರೇಕು, ಲೋ ಗೇರು, ಇಳಿಜಾರು, ಬೆಲ್ಟು ಇವಿಷ್ಟನ್ನು ಪ್ರತಿಯೊಬ್ಬ ಡ್ರೈವರಿನ ಕೈಯಲ್ಲೂ ಮಾಡಿಸಬೇಕು. ದೀಪ, ಗುಂಡಿಗಳ ಅರ್ಥವನ್ನು ಕನ್ನಡದಲ್ಲಿ ಒಂದು ಹಾಳೆಯಲ್ಲಿ ಅಚ್ಚು ಹಾಕಿಸಿ ಕೊಡಬೇಕು. ವಾಹನ ಕೊಳ್ಳಲು ಸಾಲ ಕೇಳುವವರ ಡ್ರೈವರು ಶಿಬಿರಕ್ಕೆ ಬಂದಿರಲೇಬೇಕೆಂದು ಷರತ್ತು ಹಾಕುವುದು ಅತಿಯಾಯಿತೆಂದು ಕೆಲವು ನಿರ್ದೇಶಕರ ಅಭಿಪ್ರಾಯ. ನಮಗೆ ಅತಿಯೆನಿಸಿಲ್ಲ, ಮುಂದಿನ ಸಭೆಯಲ್ಲಿ ಮತ್ತೆ ಎತ್ತುತ್ತೇವೆ. ಡ್ರೈವರಿಗೆ ಆ ದಿನದ ಸಂಬಳ ಹಿಡಿಯಬೇಡಿ, ನೀವೂ ಜೊತೆಯಲ್ಲಿ ಬನ್ನಿ, ಗಾಡಿ ಓಡಿಸುವ ಮಗನನ್ನೂ ಮಗಳನ್ನೂ ಕರೆತನ್ನಿ. ಗಾಡಿಯನ್ನು ತೊಳೆದು ಖಾಲಿ ತರುವ ಅಗತ್ಯವಿಲ್ಲ. ಕುಯ್ಲಿನಲ್ಲಿ ಹೇರುವಷ್ಟೇ ಮೂಟೆ ಹೇರಿಕೊಂಡು ಬಂದರೆ ಬ್ರೇಕಿನ ಅಭ್ಯಾಸ ಆ ಭಾರದಲ್ಲೇ ನಡೆಯುತ್ತದೆ.